ಮೂರು ದಾಳ, ಒಂದು ಕೋಷ್ಟಕ: ಕಾಲ್ಪನಿಕ ಬೇಸ್‌ಬಾಲ್ ಆಟಗಳಲ್ಲಿ ಸಂಭಾವ್ಯತೆಯ ಲೆಕ್ಕ

ಬ್ಯಾಟರ್‌ನ ಸಾಮರ್ಥ್ಯ, ಪಿಚರ್‌ನ ಸಾಮರ್ಥ್ಯ, ಅದೃಷ್ಟ – ಈ ಮೂರನ್ನೂ ಒಟ್ಟಿಗೆ ತೂಗಿ ಚೆಂಡಿನ ಫಲಿತಾಂಶ ಹೇಳುವುದು ಹೇಗೆ? ಮೈದಾನವಿಲ್ಲದೆ ಆಡುವ ಬೇಸ್‌ಬಾಲ್ ಆಟಗಳೆಲ್ಲ ಎದುರಿಸಿದ ಪ್ರಶ್ನೆ ಇದು. ಆಡುವವನು ಮಾಡಬೇಕಿದ್ದ ಗಣಿತವನ್ನು ಕಾರ್ಡು ತಯಾರಿಸುವವನೇ ಮುಂಚಿತವಾಗಿ ಮಾಡಿಟ್ಟದ್ದರಿಂದ ಈ ಆಟಗಳು ಸರಳವಾದವು ಎಂಬುದು ನನ್ನ ವಾದ.

1951ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಎಪಿಬಿಎ ಆಟದಲ್ಲಿ ಎರಡು ದಾಳಗಳನ್ನು ಕೂಡಿಸುವುದಿಲ್ಲ. ಒಂದರ ಪಕ್ಕ ಒಂದಿಟ್ಟು 11ರಿಂದ 66ರವರೆಗಿನ ಸಂಖ್ಯೆಯಾಗಿ ಓದಿ, ಅದನ್ನು ಬ್ಯಾಟರ್‌ನ ಕಾರ್ಡಿನಲ್ಲಿ ನೋಡುತ್ತಾರೆ. ಹೀಗೆ 36 ಸಂಖ್ಯೆಗಳಿಗೂ ಸಮಾನ ಅವಕಾಶ. ಆದರೆ ಪಿಚರ್ ಇಲ್ಲಿ ಕೇವಲ ಒಂದು ದರ್ಜೆಯ ಅಕ್ಷರ.

1961ರಲ್ಲಿ ಹಾಲ್ ರಿಚ್‌ಮನ್ ಹೊರತಂದ ಸ್ಟ್ರಾಟ್-ಒ-ಮ್ಯಾಟಿಕ್ ಪಿಚರ್‌ಗೂ ಸ್ವಂತ ಕಾರ್ಡು ಕೊಟ್ಟಿತು. ಮೊದಲ ದಾಳದಲ್ಲಿ 1, 2, 3 ಬಿದ್ದರೆ ಬ್ಯಾಟರ್‌ನ ಕಾರ್ಡಿನಲ್ಲಿ ಆ ಸಂಖ್ಯೆಯ ಅಂಕಣ, 4, 5, 6 ಬಿದ್ದರೆ ಪಿಚರ್‌ನದರಲ್ಲಿ. ಉಳಿದೆರಡು ದಾಳಗಳ ಮೊತ್ತ ಸಾಲನ್ನು ತೋರಿಸುತ್ತದೆ. ಒಟ್ಟು 216 ಸಾಧ್ಯತೆಗಳಲ್ಲಿ ಇಬ್ಬರಿಗೂ 108ರಂತೆ ಪಾಲು. ಮೊತ್ತ 7 ಬರುವುದು 36ರಲ್ಲಿ 6 ಬಾರಿ, 2 ಬರುವುದು ಒಂದೇ ಬಾರಿ; ಆದ್ದರಿಂದ ಒಂದು ಅಂಕಣದ 7ನೇ ಸಾಲಿನಲ್ಲಿ ಹೋಮ್ ರನ್ ಬರೆದರೆ ಅದರ ಸಂಭಾವ್ಯತೆ 216ರಲ್ಲಿ 6. ಅರ್ಧ ಸಲ ಎದುರಾಳಿಯ ಕಾರ್ಡನ್ನೇ ಓದುವುದರಿಂದ ಇನ್ನೊಂದು ತಿದ್ದುಪಡಿಯೂ ಬೇಕು. ಸರಾಸರಿ ಆಟಗಾರ 100ಕ್ಕೆ 25 ಹಿಟ್ ಹೊಡೆಯುವ ಲೀಗಿನಲ್ಲಿ 30 ಹೊಡೆಯುವವನ ಕಾರ್ಡಿನಲ್ಲಿ 35 ಬರೆಯಬೇಕು. ಪಿಚರ್ ಕಾರ್ಡಿನ 25ರೊಡನೆ ಸರಾಸರಿ ತೆಗೆದಾಗ 30 ಸಿಗುತ್ತದೆ. ಇಂಥ ಲೆಕ್ಕದ ಸುಳಿವೂ ಆಡುವ ಹುಡುಗನಿಗೆ ಸಿಗುವುದಿಲ್ಲ. ಈ ವಿನ್ಯಾಸದ ನಿಜವಾದ ಹೆಚ್ಚುಗಾರಿಕೆ ಅದೇ.

ಅದೇ ವರ್ಷ ಓಹಾಯೊದ ಆಕ್ರನ್‌ನಲ್ಲಿ ಐಬಿಎಂ ಉದ್ಯೋಗಿ ಜಾನ್ ಬರ್ಜಿಸನ್, 1620 ಕಂಪ್ಯೂಟರಿನಲ್ಲಿ ಬೇಸ್‌ಬಾಲ್ ಪಂದ್ಯ ಆಡಿಸಿ ಅದರ ವಿವರವನ್ನು ಕಾಗದದ ಮೇಲೆ ಟೈಪಿಸುವ ಪ್ರೋಗ್ರಾಂ ಬರೆದರು. ಆ ಯಂತ್ರ ಎರಡು ಅಂಕಿಗಳನ್ನು ಕೂಡಿಸಲಿಕ್ಕೂ ಸ್ಮೃತಿಯಲ್ಲಿಟ್ಟ ಕೋಷ್ಟಕವನ್ನೇ ನೋಡುತ್ತಿತ್ತು! ಪ್ರೋಗ್ರಾಂ ಬರೆಯುವವರಿಗೆ ಮೂರು ದಾಳಗಳ ಅಗತ್ಯವೂ ಇಲ್ಲ. 1ರಿಂದ 216ರೊಳಗೆ ಒಂದೇ ಯಾದೃಚ್ಛಿಕ ಸಂಖ್ಯೆ ಪಡೆದು, ಫಲಿತಾಂಶಗಳ ಪಾಲನ್ನು ಒಂದರ ಮೇಲೊಂದು ಕೂಡಿಸುತ್ತ ಹೋದರೆ ಸಾಕು. ಯಾವ ಪಾಲಿನಲ್ಲಿ ಮೊತ್ತ ಆ ಸಂಖ್ಯೆಯನ್ನು ಮುಟ್ಟುತ್ತದೋ ಅದೇ ಉತ್ತರ. ಹಿಟ್ ಆಯಿತೇ, ಆಗಿದ್ದರೆ ಯಾವ ಬಗೆಯದು ಎಂದು ಮತ್ತೆ ಮತ್ತೆ ಸಂಖ್ಯೆ ಎತ್ತುವ ಕೆಲಸ ತಪ್ಪುತ್ತದೆ.

ನಮ್ಮ ಶಾಲಾಮಕ್ಕಳ ಬುಕ್ ಕ್ರಿಕೆಟ್ ಇದಕ್ಕಿಂತಲೂ ಸರಳ. ತೆರೆದ ಪುಟದ ಸಮಸಂಖ್ಯೆಯ ಕೊನೆಯಂಕಿ 0 ಆದರೆ ಔಟ್. 2, 4, 6 ಬಂದರೆ ಅಷ್ಟು ರನ್. 8ಕ್ಕೆ ರನ್ ಇಲ್ಲವೆಂಬ ನಿಯಮದಲ್ಲಿ ಆಡಿದರೆ, ಎಲ್ಲ ಪುಟಗಳೂ ಸಮನಾಗಿ ತೆರೆದುಕೊಂಡಲ್ಲಿ, ವಿಕೆಟ್ಟಿಗೆ ಸರಾಸರಿ 12 ರನ್. ಆರಂಭಿಕನಿಗೂ ಹನ್ನೊಂದನೆಯವನಿಗೂ ಅದೇ 12. ಆಟಗಾರರ ನಡುವಿನ ವ್ಯತ್ಯಾಸವನ್ನೇ ಅಳಿಸಿ ಪಡೆದ ಸರಳತೆ ಅದು. ರಿಚ್‌ಮನ್‌ರ ಕಾರ್ಡು ಆ ವ್ಯತ್ಯಾಸವನ್ನು ಉಳಿಸಿಕೊಂಡೇ ಸರಳವಾಯಿತು.