ಕೆಲಸ ಬಿಡುವುದು ಅಪರಾಧವಾಗಿದ್ದಾಗ

ನೋಟಿಸ್ ಅವಧಿ ಮುಗಿಸದೆ ಕೆಲಸ ಬಿಟ್ಟವರಿಗೆ ಇಂದು ಸಂಬಳ ಕಡಿತವಾಗಬಹುದು, ಅನುಭವ ಪತ್ರಕ್ಕಾಗಿ ಅಲೆದಾಟವೂ ತಪ್ಪದಿರಬಹುದು. ಆದರೆ ಅದಕ್ಕಾಗಿ ಯಾರೂ ಜೈಲಿಗೆ ಹೋಗುವುದಿಲ್ಲ. ಇದನ್ನು ನಾವು ಸಹಜವೆಂದೇ ಭಾವಿಸಿದ್ದೇವೆ. ಆದರೆ ಒಂದು ಕಾಲದಲ್ಲಿ ಅದು ಹಾಗಿರಲಿಲ್ಲ.

1859ರಲ್ಲಿ ವಸಾಹತು ಸರಕಾರ ಕೆಲಸಗಾರರ ಕರಾರುಭಂಗ ಕಾಯಿದೆಯನ್ನು ತಂದಿತು. ಮುಂಗಡ ಪಡೆದ ಕುಶಲಕರ್ಮಿಯೋ ಕೂಲಿಯೋ ನಡುವೆ ಕೆಲಸ ಬಿಟ್ಟರೆ ಧಣಿ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದಿತ್ತು. ಹಣ ಹಿಂದಿರುಗಿಸು, ಇಲ್ಲವೇ ಕೆಲಸ ಮುಗಿಸು ಎಂಬ ಆಜ್ಞೆ ಹೊರಡುತ್ತಿತ್ತು. ಕೆಲಸ ಮುಗಿಸುವ ಆಜ್ಞೆಯನ್ನು ಮೀರಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಮಾತಿಗೆ ತಪ್ಪಿದ ಧಣಿಗೆ ಮಾತ್ರ ಅಂಥ ಶಿಕ್ಷೆ ಅದರಲ್ಲಿರಲಿಲ್ಲ. ಮೊದಲು ಕಲ್ಕತ್ತಾ, ಮದರಾಸು, ಮುಂಬಯಿ ನಗರಗಳಿಗೆಂದು ಹುಟ್ಟಿದ ಈ ಕಾನೂನು ಅಸ್ಸಾಮಿನ ಚಹಾ ತೋಟಗಳಿಗೂ ಕೊಡಗಿನ ಕಾಫಿ ತೋಟಗಳಿಗೂ ಹಬ್ಬಿತು. ಬಡವನ ಕೈಗೆ ಬಂದ ಮುಂಗಡವೇ ಅವನ ಕಾಲಿನ ಸರಪಳಿಯಾಯಿತು.

1925ರಲ್ಲಿ ಇದರ ರದ್ದತಿಗೆ ಕಾಯಿದೆಯಾಯಿತು. ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿತು. 1976ರಲ್ಲಿ ಜೀತ ನಿರ್ಮೂಲನ ಕಾಯಿದೆ ಬಂತು.

ಕರಾರಿಗೆ ಬೆಲೆಯೇ ಇಲ್ಲವೆಂದು ಇದರರ್ಥವಲ್ಲ. ಮೂರು ವರ್ಷ ತುಂಬುವ ಮೊದಲೇ ಬ್ಯಾಂಕ್ ನೌಕರಿ ಬಿಟ್ಟ ಅಧಿಕಾರಿಯೊಬ್ಬರು ಎರಡು ಲಕ್ಷ ರೂಪಾಯಿ ತೆರಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿಯಿತು. ಆದರೆ ಅದು ಹಣದ ಲೆಕ್ಕ, ಸೆರೆಮನೆಯ ಲೆಕ್ಕವಲ್ಲ.

ಹೇಳದೆ ಹೋಗುವುದು ಸೌಜನ್ಯವಲ್ಲ, ನಿಜ. ಆದರೆ ನೌಕರ ಬಾಕಿ ಉಳಿಸಿ ಹೋಗುವುದು ಕೆಲವು ದಿನಗಳ ದುಡಿಮೆಯನ್ನೇ ಹೊರತು ತನ್ನ ದೇಹವನ್ನಲ್ಲ. ಈ ವ್ಯತ್ಯಾಸವನ್ನು ಕಾನೂನು ಒಪ್ಪಿಕೊಳ್ಳಲು ಅರವತ್ತಾರು ವರ್ಷ ಬೇಕಾಯಿತೆಂಬುದನ್ನು ನಾವು ಮರೆಯಬಾರದು.