ಗರಿಯ ಗಿರಗಿಟ್ಲೆ, ಬಿದಿರ ಬುಟ್ಟಿ

ಈ ಬೇಸಿಗೆ ರಜಕ್ಕೆ ಬೆಂಗಳೂರಿನಿಂದ ಕೃಷ್ಣರಾಜನಗರಕ್ಕೆ ಬಂದ ನನ್ನ ಮೊಮ್ಮಗಳು ಬಟ್ಟೆಯ ಚೀಲದ ಜೊತೆಗೆ ರಜದ ಹೋಂವರ್ಕಿನ ಚೀಲವನ್ನೂ ಹೊತ್ತು ತಂದಿದ್ದಳು. ಶಾಲೆ ತೆರೆಯುವ ದಿನ 'ಹಳ್ಳಿಯ ಬದುಕು' ಎಂಬ ಮಾದರಿಯೊಂದನ್ನು ಮಾಡಿಕೊಂಡು ಹೋಗಬೇಕಂತೆ. ಮೊಮ್ಮಗಳಿಗಿಂತ ಹೆಚ್ಚಿನ ಚಿಂತೆ ನನಗೆ ಹತ್ತಿಕೊಂಡಿತು. ಮಗಳು ಮಾತ್ರ ನಿರಾಳವಾಗಿದ್ದಳು. "ನೀನ್ಯಾಕಮ್ಮ ತಲೆ ಕೆಡಿಸ್ಕೋತೀಯ? ನಮ್ಮ ಮನೆ ಹತ್ರದ ಸ್ಟೇಷನರಿ ಅಂಗಡೀಲಿ ರೆಡಿ ಸಿಗತ್ತೆ. ಥರ್ಮಾಕೋಲಿನ ಗುಡಿಸಲು, ಪ್ಲಾಸ್ಟಿಕ್ ಹಸು, ಬಾವಿ ಎಲ್ಲಾ ಅಂಟಿಸೇ ಕೊಡ್ತಾರೆ" ಎಂದಳು.

ಹಿತ್ತಲಲ್ಲಿ ತೆಂಗಿನ ಮರ, ಬೀದಿ ತುದಿಯಲ್ಲಿ ನಿಜವಾದ ಹಸು, ಎರಡು ಮೈಲಿ ನಡೆದರೆ ಭತ್ತದ ಗದ್ದೆ. ಇಷ್ಟೆಲ್ಲ ಇಟ್ಟುಕೊಂಡು ಹಳ್ಳಿಯನ್ನು ಬೆಂಗಳೂರಿನಲ್ಲಿ ಕೊಳ್ಳುವುದೇ! ನಕ್ಕೆ. ಆದರೆ ಆ ನಗು ಬಹಳ ಹೊತ್ತು ನಿಲ್ಲಲಿಲ್ಲ. ಇಂಥ ಅಂಗಡಿಯ ಮಾದರಿಗಳಿಗೆ ಒಂದು ಕಾಲದಲ್ಲಿ ಅಂಕ ಹಾಕಿದವಳು ನಾನೇ. ಅದರ ಕತೆ ಮುಂದೆ ಹೇಳುತ್ತೇನೆ.

ಮೊದಲು ಮೊಮ್ಮಗಳನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಬಿದ್ದ ಸೋಗೆಯಿಂದ ಹಸಿರಾಗಿದ್ದ ಒಂದು ಗರಿ ಕಿತ್ತೆ. ನಡುವಿನ ಕಡ್ಡಿಯನ್ನು ಬಿಡಿಸಿದರೆ ಎರಡು ಪಟ್ಟಿ. ಎರಡನ್ನೂ ಅರ್ಧಕ್ಕೆ ಮಡಿಸಿ, ಒಂದರ ಮಡಿಕೆಯೊಳಗೆ ಇನ್ನೊಂದನ್ನು ಅಡ್ಡವಾಗಿ ತೂರಿಸಿ, ಮೇಲಿನ ಎಳೆಗಳನ್ನು ಹಿಂದಿರುಗಿಸಿ ಒಂದರ ಕೆಳಗೊಂದು ಸಿಕ್ಕಿಸಿ ಮೆಲ್ಲಗೆ ಎಳೆದರೆ ನಡುವೆ ಚೌಕದ ಗಂಟು, ನಾಲ್ಕು ದಿಕ್ಕಿಗೆ ನಾಲ್ಕು ರೆಕ್ಕೆ. ಬಿಡಿಸಿಟ್ಟ ಕಡ್ಡಿಯನ್ನೇ ಗಂಟಿನ ನಡುವೆ ಸಡಿಲವಾಗಿ ಚುಚ್ಚಿ ಗಾಳಿಗೆ ಎದುರಾಗಿ ಓಡಿದರೆ ಗಿರಗಿಟ್ಲೆ. ಕಾಸು ಖರ್ಚಿಲ್ಲ, ಅಂಟು ಬೇಡ, ಕತ್ತರಿಯೂ ಬೇಡ. ಇನ್ನೊಂದು ಗರಿಯನ್ನು ಕಿರಿದಾದ ತುದಿಯಿಂದ ಸುರುಳಿ ಸುತ್ತುತ್ತಾ ಅಗಲವಾಗಿಸಿ, ಬಿಚ್ಚದಂತೆ ಕಡ್ಡಿ ಚುಚ್ಚಿ, ಕಿರಿಬಾಯನ್ನು ಬೆರಳಿನಿಂದ ಚಪ್ಪಟೆ ಮಾಡಿ ಊದಿದರೆ ಪೀಪಿ. ಅವತ್ತು ಸಂಜೆಯವರೆಗೆ ನಮ್ಮ ಬೀದಿಯಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ!

"ಇದು ನಿಂಗ್ಯಾರು ಹೇಳ್ಕೊಟ್ರು ಅಜ್ಜಿ?" ಎಂದು ಕೇಳಿದಳು. ನನ್ನ ಅಜ್ಜಿ. ಹುಣಸೂರಿನ ಬಳಿಯ ಹಳ್ಳಿಯಲ್ಲಿ ಹುಟ್ಟಿ ಅಲ್ಲೇ ಬಾಳಿದವರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರ ಕಾಲದಲ್ಲಿ ಆಟಿಕೆಗೂ ಒಂದು ಪಂಚಾಂಗವಿತ್ತು. ಮಾವು ಮುಗಿಯುವ ಹೊತ್ತಿಗೆ ಓಟೆಯನ್ನು ಕಲ್ಲಿಗೆ ಉಜ್ಜಿ ಪೀಪಿ. ಮಳೆ ಹಿಡಿದರೆ ಹಳೆಯ ಲೆಕ್ಕದ ಪುಸ್ತಕದ ಹಾಳೆಯಲ್ಲಿ ದೋಣಿ. ಭಾದ್ರಪದದಲ್ಲಿ ಗೌರಿ ಮಾಡಿ ಉಳಿದ ಮಣ್ಣಿನಲ್ಲಿ ಒಲೆ, ಮಡಕೆ, ಎತ್ತು. ಜೋಳ ಕೊಯ್ದ ಮೇಲೆ ಸೆಪ್ಪೆಯ ಗಾಡಿ. ಸೆಪ್ಪೆಯ ಸಿಪ್ಪೆ ಸುಲಿದರೆ ಒಳಗೆ ಹಗುರವಾದ ಬೆಂಡು. ಬೆಂಡಿನ ತುಂಡೇ ಗಾಡಿಯ ಮೈ, ಬೆಂಡಿನ ಬಿಲ್ಲೆಯೇ ಚಕ್ರ, ಸಿಪ್ಪೆಯ ಸೀಳೇ ಅಚ್ಚು ಮತ್ತು ಮೊಳೆ. ಸಿಪ್ಪೆಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಆದ್ದರಿಂದ ಸುಲಿಯುವುದು ಅಜ್ಜಿಯ ಕೆಲಸ, ಚುಚ್ಚಿ ಕೂಡಿಸುವುದು ನಮ್ಮದು. ನೀವು ಮೊಮ್ಮಕ್ಕಳೊಡನೆ ಮಾಡುವಾಗಲೂ ಈ ನಿಯಮ ಮರೆಯಬೇಡಿ.

ಇಂಥ ಆಟಿಕೆಗಳಿಗೆ ಚರಿತ್ರೆಯ ಪುಸ್ತಕದಲ್ಲಿ ಜಾಗವಿಲ್ಲ. ಮಾಡಿದ ಸಂಜೆಗೇ ಬಾಡುವ ವಸ್ತುವನ್ನು ಯಾವ ವಸ್ತುಸಂಗ್ರಹಾಲಯ ಇಟ್ಟೀತು? ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಕಲಿಸುತ್ತಿದ್ದ ಸುದರ್ಶನ್ ಖನ್ನಾ ಅವರು ದೇಶದ ಇಂಥ ಬಡ ಆಟಿಕೆಗಳನ್ನು ಹುಡುಕಿ, ಮಾಡುವ ಬಗೆಯನ್ನು ಚಿತ್ರ ಸಮೇತ ಬರೆದಿಟ್ಟರು. ನ್ಯಾಷನಲ್ ಬುಕ್ ಟ್ರಸ್ಟ್ ಅದನ್ನು ಪ್ರಕಟಿಸಿತು. ಉಳಿದಂತೆ ಇವು ಉಳಿದಿರುವುದು ಅಜ್ಜಿಯಂದಿರ ಬೆರಳುಗಳಲ್ಲಿ.

ಆದರೆ ಕೈಕೆಲಸ ಶಾಲೆಯ ಒಳಗೆ ಬಂದದ್ದಕ್ಕೆ ಇಸವಿಗಳಿವೆ. ಜರ್ಮನಿಯ ಫ್ರೋಬೆಲ್ 1837ರಲ್ಲಿ ಪುಟ್ಟ ಮಕ್ಕಳಿಗಾಗಿ ಒಂದು ಶಾಲೆ ತೆರೆದ. ಕಾಗದ ಮಡಿಸುವುದು, ಪಟ್ಟಿ ಹೆಣೆಯುವುದು, ಮಣ್ಣಿನಲ್ಲಿ ಆಕಾರ ತಿದ್ದುವುದು, ಕಡ್ಡಿ ಜೋಡಿಸುವುದು, ಇವೇ ಅಲ್ಲಿನ ಪಾಠ. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಎಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟ. ಇಂದು ಬೀದಿ ಬೀದಿಯಲ್ಲಿರುವ ಎಲ್‌ಕೆಜಿ, ಯುಕೆಜಿಗಳಲ್ಲಿನ 'ಕೆಜಿ' ಅದೇ. ತೋಟ ಹೋಗಿ ಭಾರ ಮಾತ್ರ ಉಳಿದಿದೆ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡುತ್ತೇವೆ.

ಸರಿಯಾಗಿ ನೂರು ವರ್ಷದ ಮೇಲೆ, 1937ರ ಅಕ್ಟೋಬರ್‌ನಲ್ಲಿ, ಗಾಂಧೀಜಿಯವರು ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಕರೆದರು. ಏಳು ವರ್ಷದ ಕಡ್ಡಾಯ ಶಿಕ್ಷಣ, ಮಾತೃಭಾಷೆಯಲ್ಲಿ, ಅದೂ ಒಂದು ಕೈಕಸುಬಿನ ಸುತ್ತ ನಡೆಯಬೇಕೆಂದು ಅಲ್ಲಿ ನಿಶ್ಚಯವಾಯಿತು. ಝಾಕಿರ್ ಹುಸೇನ್ ಅವರ ಸಮಿತಿ ಪಠ್ಯಕ್ರಮ ರೂಪಿಸಿತು. ಮೂಲ ಶಿಕ್ಷಣ ಎಂದು ನಾವು ಬಿ.ಎಡ್.ನಲ್ಲಿ ಓದಿ ಬರೆದದ್ದು ಇದನ್ನೇ. ನನ್ನ ತಾಯಿ ಅದನ್ನು ಓದಲಿಲ್ಲ, ನೂತರು. ಐವತ್ತರ ದಶಕದಲ್ಲಿ ಅವರ ಶಾಲೆಯಲ್ಲಿ ದಿನಕ್ಕೊಂದು ತಕಲಿ ಪಿರಿಯಡ್ಡು. ಹಂಜಿ ಹಿಡಿದು ತಕಲಿ ತಿರುಗಿಸಿದರೆ ನೂಲು ಹತ್ತು ಸಲ ಹರಿಯುತ್ತಿತ್ತಂತೆ, ಮೇಷ್ಟ್ರು ಲಡಿ ಎಣಿಸುತ್ತಿದ್ದರಂತೆ. "ಗಾಂಧೀಜಿ ಮೇಲೆ ಭಕ್ತಿ ಇತ್ತು ಕಣೆ, ತಕಲಿ ಮೇಲೆ ಮಾತ್ರ ಇರ್ಲಿಲ್ಲ" ಎಂದು ಅಮ್ಮ ಈಗಲೂ ನಗುತ್ತಾರೆ. ಅಜ್ಜಿಯ ಮನೆಯಲ್ಲಿ ಆಟವಾಗಿದ್ದ ಕೈಕೆಲಸ ಶಾಲೆಯಲ್ಲಿ ಲೆಕ್ಕವಾಗಿತ್ತು.

ಇನ್ನೂ ದೊಡ್ಡ ಎಡವಟ್ಟು ನೆರೆಯ ಮದರಾಸಿನಲ್ಲಿ ಆಯಿತು. 1953ರಲ್ಲಿ ಮುಖ್ಯಮಂತ್ರಿ ರಾಜಾಜಿಯವರು ಹಳ್ಳಿಯ ಪ್ರಾಥಮಿಕ ಶಾಲೆಗಳ ಹೊತ್ತನ್ನು ಕಡಿಮೆ ಮಾಡಿ, ಉಳಿದ ಹೊತ್ತು ಮಕ್ಕಳು ಮನೆಯಲ್ಲಿ ತಂದೆಯ ಕಸುಬು ಕಲಿಯಲಿ ಎಂದರು. ಕುಂಬಾರನ ಮಗ ಕುಂಬಾರಿಕೆ, ಅಗಸರ ಮಗ ಬಟ್ಟೆ ಒಗೆಯುವುದು. ಹಾಗಾದರೆ ಅವನು ಡಾಕ್ಟರಾಗುವುದು ಯಾವಾಗ ಎಂದು ಪೆರಿಯಾರ್ ಮೊದಲಾದವರು ಸಿಡಿದೆದ್ದರು. 'ಕುಲಕಸುಬಿನ ಶಿಕ್ಷಣ' ಎಂದೇ ಅದಕ್ಕೆ ಹೆಸರು ಬಿತ್ತು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು, ಬಳಿಕ ಬಂದ ಕಾಮರಾಜರು ಆ ಯೋಜನೆಯನ್ನೇ ಕೈಬಿಟ್ಟರು. ನಮ್ಮ ದೇಶದಲ್ಲಿ ಕೈಕೆಲಸದ ಮಾತೆತ್ತಿದರೆ ಅದರ ಹಿಂದೆಯೇ ಜಾತಿಯೂ ಬಂದು ಕೂರುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅರ್ಥ ಮಾಡಿಕೊಂಡಿರಲಿಲ್ಲ.

ಮುಂದೆ 1964ರಿಂದ 66ರ ತನಕ ಕೆಲಸ ಮಾಡಿದ ಕೊಠಾರಿ ಆಯೋಗ 'ಕಾರ್ಯಾನುಭವ' ಎಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ 'ಸಮಾಜೋಪಯೋಗಿ ಉತ್ಪಾದಕ ಕಾರ್ಯ' ಎಂದಿತು. ಎಸ್.ಯು.ಪಿ.ಡಬ್ಲ್ಯು. ಎಂದರೆ ನಿಮಗೆ ನೆನಪಾದೀತು. ಹುಣಸೂರಿನಲ್ಲಿ ಹೈಸ್ಕೂಲು ಓದುವಾಗ ಆ ಪಿರಿಯಡ್ಡಿನಲ್ಲಿ ನಾವು ಕರ್ಚೀಫಿಗೆ ಹೂವು ಕಸೂತಿ ಹಾಕುತ್ತಿದ್ದೆವು, ಹುಡುಗರು ಮೈದಾನದ ಕಳೆ ಕೀಳುತ್ತಿದ್ದರು. ಗಣಿತದ ಪಾಠ ಉಳಿದಿದ್ದರೆ ಅದೂ ಇಲ್ಲ.

ಈಗ ನನ್ನ ಕತೆ. ತೊಂಬತ್ತರ ದಶಕದ ನಡುವೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಅದೇ ಕಾಲಕ್ಕೆ, 1995ರಲ್ಲಿ, ಆ ತಾಲ್ಲೂಕಿನಲ್ಲಿಯೇ ಯುನಿಸೆಫ್ ನೆರವಿನೊಡನೆ 'ನಲಿ-ಕಲಿ' ಹುಟ್ಟಿತು. ಕೋಟೆಯ ಪ್ರಾಥಮಿಕ ಶಾಲೆಗಳ ಕೆಲವು ಶಿಕ್ಷಕರು ಆಂಧ್ರದ ಮದನಪಲ್ಲಿಯ ಬಳಿಯ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಕೂತು ತಾವೇ ಕಾರ್ಡು ಬರೆದರು, ಚಿತ್ರ ಬಿಡಿಸಿದರು. ಮಕ್ಕಳು ಗುಂಪಾಗಿ ನೆಲದ ಮೇಲೆ ಕೂತು, ಕಲಿಕೆಯ ಏಣಿಯನ್ನು ತಂತಮ್ಮ ವೇಗದಲ್ಲಿ ಹತ್ತುವುದು. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ಮಕ್ಕಳೇ ಮಾಡಿದ ಕಾಗದದ ಹಕ್ಕಿ, ಎಲೆಯ ಮೀನು ತೂಗಾಡುವುದು. ನಮ್ಮ ಹೈಸ್ಕೂಲಿನ ಪಕ್ಕದ ಪ್ರಾಥಮಿಕ ಶಾಲೆಯಲ್ಲಿ ಇದನ್ನು ಕಿಟಕಿಯಿಂದ ನೋಡಿ ನಾವು ಡಿಗ್ರಿಯವರು ನಗುತ್ತಿದ್ದೆವು: "ಇದೇನ್ರೀ, ಶಾಲೆಯೋ ಜಾತ್ರೆಯೋ?" 2009-10ರಲ್ಲಿ ಅದೇ ಜಾತ್ರೆಯನ್ನು ಸರ್ಕಾರ ಇಡೀ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆ ಒಯ್ದಿತು.

ಆ ದಿನಗಳಲ್ಲೇ ಒಮ್ಮೆ ಒಂಬತ್ತನೆಯ ತರಗತಿಗೆ ಕಾರ್ಯಾನುಭವದ ಅಂಕ ಹಾಕಬೇಕಾಗಿತ್ತು. ಮಕ್ಕಳು ತಂದ ವಸ್ತುಗಳು ಮೇಜಿನ ಮೇಲೆ ಸಾಲಾಗಿದ್ದವು. ಒಬ್ಬ ವ್ಯಾಪಾರಿಯ ಮಗ ಮೈಸೂರಿನಿಂದ ಕೊಂಡು ತಂದ ಥರ್ಮಾಕೋಲಿನ ತಾಜಮಹಲು ತಂದಿದ್ದ, ಮಿಂಚಿನ ಪುಡಿ ಉದುರಿಸಿದ್ದು. ಮೇದರ ಮನೆಯ ಹುಡುಗಿ ಒಂದು ಅಂಗೈಯಗಲದ ಬಿದಿರ ಬುಟ್ಟಿ ತಂದಿದ್ದಳು, ಮುಚ್ಚಳ ಸಮೇತ. ಹೆಣಿಗೆ ಎಷ್ಟು ಬಿಗಿಯೆಂದರೆ ರಾಗಿ ತುಂಬಿದರೂ ಒಂದು ಕಾಳು ಉದುರುತ್ತಿರಲಿಲ್ಲ. ತಾಜಮಹಲಿಗೆ ಇಪ್ಪತ್ತೈದಕ್ಕೆ ಇಪ್ಪತ್ತೆರಡು ಹಾಕಿದೆ. ಬುಟ್ಟಿಗೆ ಹನ್ನೆರಡು. ಹುಡುಗಿ ಮೇಜಿನ ಹತ್ತಿರ ಬಂದು, "ನಾನೇ ಮಾಡಿದ್ದು ಮಿಸ್" ಎಂದಳು. ನಾನು ತಲೆಯೆತ್ತದೆ ಹೇಳಿದೆ: "ನಿಮ್ಮನೆ ಕೆಲಸವೇ ಅದಲ್ವೇನೆ? ಅದ್ರಲ್ಲೇನು ವಿಶೇಷ?"

ಇಡೀ ತರಗತಿ ನಕ್ಕಿತು. ಅವಳು ಬುಟ್ಟಿಯನ್ನು ಎತ್ತಿಕೊಂಡು ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು.

ಅದೇ ವಾರ ಅದೇ ತರಗತಿಗೆ ನಾನು ಹನ್ನೆರಡನೆಯ ಶತಮಾನದ ಶರಣರ ಪಾಠ ಮಾಡಿದ್ದೆ. ಬಿದಿರು ಕಡಿದು, ಬುಟ್ಟಿ ಮೊರ ಹೆಣೆದು, ಅದರಿಂದ ಬಂದದ್ದರಲ್ಲಿ ದಾಸೋಹ ನಡೆಸಿದ ಮೇದಾರ ಕೇತಯ್ಯನ ಹೆಸರನ್ನು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದೆ. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ಮಕ್ಕಳಿಂದ ಗಟ್ಟಿಯಾಗಿ ಹೇಳಿಸಿದ್ದೆ. ಬೋರ್ಡಿನ ಮೇಲಿನ ಕೇತಯ್ಯನಿಗೆ ನಮಸ್ಕಾರ, ಎದುರಿಗೆ ನಿಂತ ಅವನ ಕುಲದ ಹುಡುಗಿಗೆ ಹನ್ನೆರಡು ಅಂಕ! ಇದು ನನಗೆ ಹೊಳೆದದ್ದು ಅಂದಲ್ಲ. ವರ್ಷಗಳು ಕಳೆದು ಪಿರಿಯಾಪಟ್ಟಣಕ್ಕೆ ವರ್ಗವಾದ ಮೇಲೆ, ಅದೇ ಪಾಠ ಮಾಡುತ್ತಾ ಸೀಮೆಸುಣ್ಣ ಹಿಡಿದ ಕೈ ತಟ್ಟನೆ ನಿಂತಿತು. ಆ ಹುಡುಗಿ ಹತ್ತನೆಯ ತರಗತಿಗೆ ಬಂದಿದ್ದಳೋ ಇಲ್ಲವೋ ಎಂದು ನೆನಪು ಮಾಡಿಕೊಳ್ಳಲು ಎಷ್ಟು ಯತ್ನಿಸಿದರೂ ಆಗಲಿಲ್ಲ. ಅವಳ ಮುಖಕ್ಕಿಂತ ಬುಟ್ಟಿಯ ಮುಚ್ಚಳವೇ ನನಗೆ ಚೆನ್ನಾಗಿ ನೆನಪಿದೆ.

ಈ ರಜದಲ್ಲಿ ಗಿರಗಿಟ್ಲೆ ಮುಗಿದ ಮೇಲೆ ಮೊಮ್ಮಗಳ ಕೈ ಹಿಡಿದು, ಊರಂಚಿನ ರಸ್ತೆಬದಿಯಲ್ಲಿ ಬುಟ್ಟಿ ಹೆಣೆಯುವ ಹೆಂಗಸಿನ ಹತ್ತಿರ ಹೋದೆ. "ನಮ್ಗೂ ಸ್ವಲ್ಪ ಹೇಳ್ಕೊಡಿ ತಾಯಿ" ಎಂದೆ. "ಇದ ಕಲ್ತು ನೀವೇನ್ ಮಾಡೀರವ್ವ?" ಎಂದು ಆಕೆ ನಕ್ಕರು. ಬಿದಿರ ಬೆಲೆ, ನಮಗಾಗಿ ಅವರು ಕಳೆಯುವ ಹೊತ್ತಿನ ಕೂಲಿ, ಎರಡನ್ನೂ ಮೊದಲೇ ಮಾತಾಡಿಕೊಂಡೆವು. ಕಾಡಿನ ಬಿದಿರು ಸಿಗುವುದೇ ಕಷ್ಟ, ಊರಿನವರ ತೋಟದ ಬೇಲಿಯಿಂದ ಕೊಳ್ಳುತ್ತೇವೆ ಎಂದರು. 1927ರ ಅರಣ್ಯ ಕಾಯಿದೆ ಬಿದಿರನ್ನು ಮರವೆಂದೇ ಎಣಿಸಿತ್ತು. ಕಾಡಿನ ಹೊರಗೆ ಬೆಳೆದ ಬಿದಿರನ್ನು ಆ ಪಟ್ಟಿಯಿಂದ ತೆಗೆದದ್ದು 2017ರಲ್ಲಿ. ಅಷ್ಟರಲ್ಲಿ ಮೊರದ ಜಾಗಕ್ಕೆ ಪ್ಲಾಸ್ಟಿಕ್ ಬಂದಾಗಿತ್ತು.

ಕೆಲಸ ನೋಡಲು ಸುಲಭ. ಸೀಳುಗಳನ್ನು ನೆಲದ ಮೇಲೆ ನಕ್ಷತ್ರದಂತೆ ಹರಡಿ, ನಡುವೆ ಪಾದದಿಂದ ಒತ್ತಿ ಹಿಡಿದು, ತೆಳುವಾದ ಸೀಳನ್ನು ಒಂದರ ಮೇಲೆ ಒಂದರ ಕೆಳಗೆ ಹಾಯಿಸುತ್ತಾ ಸುತ್ತು ಬರುವುದು. ಕಡ್ಡಿಗಳ ಸಂಖ್ಯೆ ಬೆಸವಾಗಿರಬೇಕು, ಸರಿಯಾಗಿದ್ದರೆ ಎರಡನೆಯ ಸುತ್ತು ಮೊದಲಿನದರ ಮೇಲೇ ಕೂರುತ್ತದೆ. ಈ ಲೆಕ್ಕವನ್ನು ಆಕೆ ಶಾಲೆಯಲ್ಲಿ ಕಲಿತದ್ದಲ್ಲ. ನನ್ನ ಬೆರಳಿಗೆ ಎರಡು ಕಡೆ ಸಿಬಿರು ಚುಚ್ಚಿತು. ಮೂರನೆಯ ಸುತ್ತಿಗೇ ಬೆನ್ನು ಹಿಡಿಯಿತು. ಮೂರು ಸಂಜೆ ಕೂತು ನಾವಿಬ್ಬರೂ ಸೇರಿ ಮಾಡಿದ್ದು ಒಂದು ಸೊಟ್ಟ ತಟ್ಟೆ. ಆ ಹುಡುಗಿ ಹದಿನಾಲ್ಕನೆಯ ವಯಸ್ಸಿನಲ್ಲಿ ಮಾಡಿದ ಮುಚ್ಚಳದ ಬುಟ್ಟಿಯಲ್ಲಿ ಎಷ್ಟು ವರ್ಷದ ಪಾಠವಿತ್ತು ಎಂಬುದು ಬೆರಳು ಚುರುಗುಟ್ಟಿದಾಗಲೇ ನನಗೆ ತಿಳಿದದ್ದು.

"ನಿಮ್ಮ ಮಗಳಿಗೂ ಬರುತ್ತಾ?" ಎಂದು ಕೇಳಿದೆ. "ಬರ್ತದೆ. ಆದ್ರೆ ಮಾಡಿಸಲ್ಲ. ಬಿ.ಕಾಂ. ಓದ್ತಾವ್ಳೆ" ಎಂದರು, ಸೀಳಿನಿಂದ ಕಣ್ಣು ತೆಗೆಯದೆ. ಆ ಮಾತಿಗೆ ಬೇಸರಪಡಬೇಕೆಂದು ನನಗೆ ಅನ್ನಿಸಲಿಲ್ಲ. ಕಲೆ ಉಳಿಯಲಿ ಎಂದು ಅವಳ ಮಗಳೊಬ್ಬಳೇ ಏಕೆ ರಸ್ತೆಬದಿಯಲ್ಲಿ ಕೂರಬೇಕು? ಬುಟ್ಟಿ ಹೆಣೆಯುವ ಮನೆಯ ಮಗು ಓದಲಿ. ಓದಿದವರ ಮನೆಯ ಮಗುವೂ ಒಮ್ಮೆ ಬುಟ್ಟಿ ಹೆಣೆಯಲಿ, ಸಿಬಿರು ಚುಚ್ಚಿಸಿಕೊಳ್ಳಲಿ, ಸಂತೆಯಲ್ಲಿ ಚೌಕಾಸಿ ಮಾಡುವ ಮುಂಚೆ ಅದು ನೆನಪಾಗಲಿ. ಕೈಕೆಲಸವನ್ನು ಮಕ್ಕಳಿಗೆ ಕಲಿಸಬೇಕಾದದ್ದು ಇದಕ್ಕೇ ಎಂದು ಇಷ್ಟು ವರ್ಷ ಮೇಷ್ಟ್ರಗಿರಿ ಮಾಡಿದ ಮೇಲೆ ನನಗೆ ತೋರುತ್ತದೆ.

ಮೊಮ್ಮಗಳು ಶಾಲೆಗೆ ಆ ಸೊಟ್ಟ ತಟ್ಟೆಯನ್ನೇ ಒಯ್ದಳು. ಅದರಲ್ಲಿ ನಮ್ಮ ಹಿತ್ತಲ ಮಣ್ಣಿನ ಎರಡು ಎತ್ತು, ಒಂದು ಒಲೆ, ಬಾಡಿ ಕಂದಾದ ಒಂದು ಗಿರಗಿಟ್ಲೆ. ಎಷ್ಟು ಅಂಕ ಬಂತೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. "ನಮ್ಮ ಮಿಸ್ ಯಾರು ಮಾಡಿಕೊಟ್ಟಿದ್ದು ಅಂದ್ರು ಅಜ್ಜಿ. ನಾನೇ ಅಂದೆ. ಗುಡ್ ಅಂದ್ರು" ಎಂದು ಫೋನಿನಲ್ಲಿ ಕೂಗಿದಳು.

ಅಷ್ಟೇ ಒಂದು ಮಾತು. ಅದನ್ನು ಹೇಳಲು ನನಗೆ ಅಂದು ಏನು ಖರ್ಚಾಗುತ್ತಿತ್ತು?