ಊರಿನ ಮಡಿ ಹೊತ್ತವರು

ಪ್ರತಿ ವರ್ಷ ಫೆಬ್ರುವರಿ 1ರಂದು ಮಡಿವಾಳ ಮಾಚಿದೇವ ಜಯಂತಿ. ಭಾವಚಿತ್ರಕ್ಕೆ ಪೂಜೆ, ಮೆರವಣಿಗೆ, ಒಂದು ಉಪನ್ಯಾಸ. ಕೊನೆಗೆ ಸಮಾಜದ ಮುಖಂಡರಿಂದ ಅದೇ ಬೇಡಿಕೆ: ಮಡಿವಾಳರನ್ನು ಪರಿಶಿಷ್ಟ ಜಾತಿ ಪಟ್ಟಿಗೆ ಸೇರಿಸಿ. ನಮ್ಮಂಥ ಜಿಲ್ಲಾ ವರದಿಗಾರರು ಅದನ್ನು ನಾಲ್ಕು ಸಾಲಿನಲ್ಲಿ ಬರೆದು ಕಳಿಸುತ್ತೇವೆ. ಬೇಡಿಕೆಯ ಹಿಂದಿನ ಚರಿತ್ರೆಗೆ ಆ ನಾಲ್ಕು ಸಾಲಿನಲ್ಲಿ ಜಾಗವಿಲ್ಲ.

ಮೊದಲು ಹೆಸರು. ಕನ್ನಡದಲ್ಲಿ ಅಗಸ, ಮಡಿವಾಳ. ಮರಾಠಿ ಮನೆಮಾತಿನವರಲ್ಲಿ ಪರೀಟ. ತೆಲುಗಿನಲ್ಲಿ ಚಾಕಲಿ, ತಮಿಳಿನಲ್ಲಿ ವಣ್ಣಾರ್, ಉತ್ತರದಲ್ಲಿ ಧೋಬಿ. ಭಾಷೆ ಬೇರೆ, ಕಸುಬು ಒಂದೇ. ಹುಬ್ಬಳ್ಳಿ-ಧಾರವಾಡ 1956ರವರೆಗೆ ಮುಂಬೈ ಆಡಳಿತದಲ್ಲಿದ್ದುದರಿಂದ ಇಲ್ಲಿ ಅಗಸ, ಪರೀಟ ಎರಡೂ ಹೆಸರು ಉಳಿದಿವೆ.

ಹಳ್ಳಿಯಲ್ಲಿ ಅಗಸರು ಆಯಗಾರರಲ್ಲಿ ಒಬ್ಬರು. ಬಡಿಗ, ಕಮ್ಮಾರ, ಕುಂಬಾರ, ತಳವಾರರ ಹಾಗೆ ಅವರಿಗೂ ಕೂಲಿ ರೊಕ್ಕದಲ್ಲಿ ಅಲ್ಲ, ಸುಗ್ಗಿಯಲ್ಲಿ ಕಣದ ಕಾಳಿನಲ್ಲಿ. ವರ್ಷವಿಡೀ ಊರಿನ ಬಟ್ಟೆ ಒಗೆಯಬೇಕು. ಸೋಪು ಇಲ್ಲದ ಕಾಲದಲ್ಲಿ ಚೌಳು ಮಣ್ಣು ಕಲಸಿ, ಉಬ್ಬೆ ಹಾಕಿ, ಹಳ್ಳದ ಕಲ್ಲಿನ ಮೇಲೆ ಬಡಿಯಬೇಕು. ಯಾವ ಮನೆಯ ಬಟ್ಟೆ ಯಾವುದೆಂದು ತಿಳಿಯಲು ಗೇರಿನ ರಸದ ಗುರುತು. ಓದು ಬರಹ ನಿರಾಕರಿಸಿದ ಸಮಾಜದಲ್ಲಿ ಅದು ಅವರದೇ ಲಿಪಿ.

ಒಗೆಯುವ ಬಟ್ಟೆಯಲ್ಲಿ ನಿತ್ಯದ ಧೋತರ, ಸೀರೆ ಅಷ್ಟೇ ಇರುತ್ತಿರಲಿಲ್ಲ. ಮುಟ್ಟಿನ ಬಟ್ಟೆ, ಬಾಣಂತಿಯ ಬಟ್ಟೆ, ಸತ್ತವರ ಮನೆಯ ಬಟ್ಟೆ ಎಲ್ಲವೂ ಅವರ ಗಂಟಿಗೇ ಬರುತ್ತಿದ್ದವು. ಅವರು ಒಗೆಯದೆ ಸೂತಕ ಕಳೆಯುತ್ತಿರಲಿಲ್ಲ. ಅನೇಕ ಊರುಗಳಲ್ಲಿ ದೇವರ ಮೆರವಣಿಗೆಗೆ, ಮದುಮಕ್ಕಳ ನಡಿಗೆಗೆ ನಡೆಮಡಿ ಹಾಸುವುದೂ ಅವರದೇ ಹಕ್ಕು. ಊರಿಗೆ ಮಡಿ ಕೊಡುವವರು ಅವರು, ಊರಿನ ಮೈಲಿಗೆ ಹೊರುವವರೂ ಅವರೇ. ಮಡಿ ಊರಿನ ಪಾಲಾಯಿತು, ಮೈಲಿಗೆ ಅವರ ಪಾಲಿಗೆ ಉಳಿಯಿತು.

ಈ ಲೆಕ್ಕವನ್ನು 12ನೇ ಶತಮಾನದಲ್ಲಿ ತಿರುಗಿಸಿದವನು ಮಾಚಿದೇವ. ಈಗಿನ ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯವನು. ಕಲ್ಯಾಣದಲ್ಲಿ ಶರಣರ ಬಟ್ಟೆ ಒಗೆಯುವುದನ್ನೇ ಕಾಯಕ ಮಾಡಿಕೊಂಡ. 'ಕಲಿದೇವರದೇವ' ಎಂಬ ಅಂಕಿತದಲ್ಲಿ ಅವನ ಮುನ್ನೂರಕ್ಕೂ ಹೆಚ್ಚು ವಚನಗಳಿವೆ. ಶರಣರ ಬಟ್ಟೆಯ ಗಂಟು ಹೊತ್ತು ಘಂಟೆ ಬಾರಿಸುತ್ತ ನಡೆಯುತ್ತಿದ್ದ, ಯಾರೂ ಅದನ್ನು ಮುಟ್ಟಿ ಅಶುದ್ಧ ಮಾಡಬಾರದೆಂದು, ಎನ್ನುತ್ತದೆ ಐತಿಹ್ಯ. ಅಂದರೆ ದೂರ ಸರಿಯಬೇಕಾದವರು ಇಲ್ಲಿ ಊರವರು, ಅಗಸನಲ್ಲ. ಕಲ್ಯಾಣ ಕ್ರಾಂತಿಯ ನಂತರ ಉಳವಿಯ ಕಡೆ ಹೊರಟ ಶರಣರನ್ನೂ ವಚನಗಳ ಕಟ್ಟನ್ನೂ ಕಾಯಲು ಕತ್ತಿ ಹಿಡಿದು, ಬೆಳಗಾವಿ ಜಿಲ್ಲೆಯ ಮುರಗೋಡ ಬಳಿಯ ಕಾರಿಮನಿಯಲ್ಲಿ ಐಕ್ಯನಾದ ಎಂಬುದು ಈ ಭಾಗದ ನಂಬಿಕೆ.

ತಮಿಳುನಾಡಿನ ಕಥೆ ಇನ್ನೂ ಕಠಿಣ. ಅಲ್ಲಿ ದಲಿತರ ಬಟ್ಟೆ ಒಗೆಯುವವರನ್ನು ಪುದಿರೈ ವಣ್ಣಾರ್ ಎನ್ನುತ್ತಾರೆ. ತಿರುನೆಲ್ವೇಲಿ ಕಡೆ ಇವರು ಹಗಲಿನಲ್ಲಿ ಯಾರ ಕಣ್ಣಿಗೂ ಬೀಳಬಾರದು, ರಾತ್ರಿ ಮಾತ್ರ ಕೆಲಸ ಮಾಡಬೇಕು ಎಂಬ ಕಟ್ಟಳೆಯನ್ನು 1932ರಲ್ಲಿ 'ದಿ ಹಿಂದೂ' ಪತ್ರಿಕೆ ವರದಿ ಮಾಡಿತ್ತು. ಮುಟ್ಟಬಾರದವರಷ್ಟೇ ಅಲ್ಲ, ನೋಡಬಾರದವರು. ಇಮೈಯಮ್ ಅವರ 'ಕೋವೇರು ಕಳುದೈಗಳ್' ಕಾದಂಬರಿ ಈ ಸಮುದಾಯದ್ದೇ ಬದುಕು.

ಇನ್ನು ಪಟ್ಟಿಯ ಮಾತು. ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳ, ಒಡಿಶಾ, ದೆಹಲಿಗಳಲ್ಲಿ ಧೋಬಿ ಪರಿಶಿಷ್ಟ ಜಾತಿ. ಮಧ್ಯಪ್ರದೇಶದಲ್ಲಿ ಭೋಪಾಲ, ರಾಯ್‌ಸೇನ್, ಸೀಹೋರ್ ಜಿಲ್ಲೆಗಳಲ್ಲಿ ಮಾತ್ರ, ಅಂದರೆ ಹಳೆಯ ಭೋಪಾಲ ಸಂಸ್ಥಾನದ ನೆಲದಲ್ಲಿ. ತಮಿಳುನಾಡಿನಲ್ಲಿ ಪುದಿರೈ ವಣ್ಣಾರ್ ಎಲ್ಲೆಡೆ ಪರಿಶಿಷ್ಟರು. ಆದರೆ ಉಳಿದ ವಣ್ಣಾರ್ ಕನ್ಯಾಕುಮಾರಿ ಜಿಲ್ಲೆ ಮತ್ತು ಶೆಂಕೋಟ್ಟೈ ತಾಲ್ಲೂಕಿನಲ್ಲಿ ಮಾತ್ರ ಪರಿಶಿಷ್ಟರು. ಇವೆರಡೂ 1956ರವರೆಗೆ ತಿರುವಾಂಕೂರು-ಕೊಚ್ಚಿಗೆ ಸೇರಿದ್ದವು. ಉಳಿದ ಕಡೆ ಅವರು ಅತಿ ಹಿಂದುಳಿದ ವರ್ಗ. ಆ ಸರ್ಕಾರಿ ಪಟ್ಟಿಯಲ್ಲಿ ಅಗಸ, ಮಡಿವಾಳ ಎಂಬ ನಮ್ಮ ಹೆಸರುಗಳೂ ಇವೆ. ಒಗೆಯುವ ಕಲ್ಲು ಒಂದೇ. ಯಾವ ರಾಜನ ಗಡಿಯೊಳಗೆ ಆ ಕಲ್ಲಿತ್ತು ಎಂಬುದು ಮೊಮ್ಮಕ್ಕಳ ಸರ್ಟಿಫಿಕೇಟನ್ನು ತೀರ್ಮಾನಿಸಿತು.

ಕರ್ನಾಟಕದಲ್ಲಿ ಮಡಿವಾಳರು ಪ್ರವರ್ಗ 2ಎ. ಶೇ. 15ರ ಮೀಸಲಾತಿಯನ್ನು ನೂರಕ್ಕೂ ಹೆಚ್ಚು ಜಾತಿಗಳು ಹಂಚಿಕೊಳ್ಳಬೇಕು. ಪರಿಶಿಷ್ಟ ಪಟ್ಟಿಗೆ ಸೇರಲು ರಾಜ್ಯದ ಶಿಫಾರಸು ಸಾಲದು. ಭಾರತದ ರಿಜಿಸ್ಟ್ರಾರ್ ಜನರಲ್, ರಾಷ್ಟ್ರೀಯ ಪರಿಶಿಷ್ಟ ಜಾತಿಗಳ ಆಯೋಗ ಒಪ್ಪಬೇಕು, ಸಂಸತ್ತು ಕಾನೂನು ಮಾಡಬೇಕು. ಅಳತೆಗೋಲು ಬಡತನವಲ್ಲ, ಅಸ್ಪೃಶ್ಯತೆಯಿಂದ ಬಂದ ಹಿಂದುಳಿದಿರುವಿಕೆ. ಇಲ್ಲಿಯೇ ತೊಡಕು. ಅಗಸರು ಮನೆಯ ಹಿತ್ತಲವರೆಗೆ ಬಂದವರು, ಬಟ್ಟೆ ಮುಟ್ಟಿದವರು. ಹಾಗಾದರೆ ಅಸ್ಪೃಶ್ಯರು ಹೇಗೆ ಎಂದು ಕೇಳುವವರಿದ್ದಾರೆ. ಈಗಾಗಲೇ ಪಟ್ಟಿಯಲ್ಲಿರುವವರಿಗೆ ತಮ್ಮ ಪಾಲು ಕರಗುವ ಆತಂಕವೂ ಇದೆ. ಎರಡನ್ನೂ ತಳ್ಳಿಹಾಕುವಂತಿಲ್ಲ. ಆದರೆ ಮುಟ್ಟಿನ ಬಟ್ಟೆಯನ್ನು ಕೈಯಿಂದ ಕೈಗೆ ಕೊಡದೆ ನೆಲಕ್ಕೆ ಎಸೆಯುವುದನ್ನು ಏನೆಂದು ಕರೆಯಬೇಕು ಎಂಬ ಪ್ರಶ್ನೆಯೂ ಹಾಗೇ ಉಳಿಯುತ್ತದೆ.

ನಗರ ಒಂದಿಷ್ಟು ಬಿಡುಗಡೆ ಕೊಟ್ಟಿತು. 1880ರ ದಶಕದಲ್ಲಿ ರೈಲು ಬಂದ ಮೇಲೆ ಹುಬ್ಬಳ್ಳಿಯಲ್ಲಿ, ಕಾಲೇಜು ಹಾಸ್ಟೆಲುಗಳು ಬೆಳೆದಂತೆ ಧಾರವಾಡದಲ್ಲಿ, ಕಾಳಿನ ಬದಲು ರೊಕ್ಕ ಸಿಕ್ಕಿತು. ಕಣಕ್ಕೆ ಹೋಗಿ ಕೈಯೊಡ್ಡುವುದು ತಪ್ಪಿತು. ಆಮೇಲೆ ವಾಷಿಂಗ್ ಮಷೀನ್ ಬಂತು, ಕೆರೆಗಳು ಕೊಳೆತವು. ಉಳಿದದ್ದು ರಸ್ತೆಬದಿಯ ಇಸ್ತ್ರಿ ಗಾಡಿ. 2020ರ ಲಾಕ್‌ಡೌನ್‌ನಲ್ಲಿ ಅದೂ ನಿಂತಾಗ ರಾಜ್ಯ ಸರ್ಕಾರ ಸುಮಾರು 60 ಸಾವಿರ ಅಗಸರಿಗೆ ತಲಾ 5,000 ರೂಪಾಯಿ ಘೋಷಿಸಿತು. ಅದಕ್ಕೂ ಆನ್‌ಲೈನ್ ಅರ್ಜಿ ಹಾಕಬೇಕಿತ್ತು.

ಪರಿಶಿಷ್ಟ ಪಟ್ಟಿಯ ಬೇಡಿಕೆ ಗೆಲ್ಲಲಿ, ಸೋಲಲಿ, ಅದಕ್ಕೆ ಬೇಕಾದ ಸಾಕ್ಷ್ಯ ಕಡತದಲ್ಲಿ ಕಡಿಮೆ, ಜನರ ನೆನಪಿನಲ್ಲಿ ಹೆಚ್ಚು. ಆಯಕ್ಕಾಗಿ ಕಣದ ಅಂಚಿನಲ್ಲಿ ಕಾದವರು, ಹಿತ್ತಲ ಬಾಗಿಲಲ್ಲಿ ಗಂಟು ಎತ್ತಿಕೊಂಡ ಹೆಣ್ಣುಮಕ್ಕಳು ಈಗ ಎಪ್ಪತ್ತು ದಾಟಿದ್ದಾರೆ. ಅವರ ಮಕ್ಕಳು ಬೇರೆ ಕೆಲಸ ಹಿಡಿದು ಆ ದಿನಗಳ ಮಾತೆತ್ತಲು ಹಿಂಜರಿಯುತ್ತಾರೆ, ಅದು ಸಹಜವೇ. ನಮ್ಮ ನಮ್ಮ ಊರಿನ ಆ ಹಿರಿಯರನ್ನು ಈ ವರ್ಷವೇ ಮಾತಾಡಿಸಿ, ಅವರು ಹೇಳಿದ್ದನ್ನು ಬರೆದಿಡುವ ಕೆಲಸ ನಮ್ಮದು.